ಹಸಿ ಊಟದಾಗ ಕಾಫಿಗೆ ಜಾಗ ಎಲ್ಲಿ?

ನಮ್ಮ ಮೋರಟಗಿಯಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು "ಬರ್ರಿ, ಕೂಡ್ರಿ". ಎರಡನೆಯ ಮಾತು "ಚಾ ಇಡ್ತೀನಿ". ಬ್ಯಾಡ ಅಂದಿರೋ, "ಯಾಕ್ರಿ, ನಮ್ಮನಿ ಚಾ ಸೇರಂಗಿಲ್ಲೇನು?" ಅಂತ ಮುಖ ಸಣ್ಣದಾಗುತ್ತದೆ. ಇಂಥ ಚಹಾದ ಊರಿನಲ್ಲಿ ನಾನೊಬ್ಬಳು ಕಾಫಿಯವಳು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರಿಗೆ ಮೈಸೂರಿನಲ್ಲಿ ನೌಕರಿ. ಹನ್ನೊಂದು ವರ್ಷ ಅಲ್ಲಿದ್ದು ಊರಿಗೆ ಮರಳುವಾಗ ಪಾತ್ರೆ ಪಗಡೆಗಳ ಜೊತೆ ಒಂದು ಹಿತ್ತಾಳೆ ಫಿಲ್ಟರೂ ಬಂತು. ದಿನಕ್ಕೆ ನಾಲ್ಕು ಲೋಟ. ಮಧ್ಯಾಹ್ನ ರೊಟ್ಟಿ ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಒಂದು ಲೋಟ ಬೇಕೇ ಬೇಕು.

ಕಳೆದ ಬೇಸಿಗೆಯಲ್ಲಿ ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ. ನಮ್ಮ ಮನೆಯವರೇ ಒತ್ತಾಯ ಮಾಡಿ ಸಿಂದಗಿಗೆ ಕರೆದೊಯ್ದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಬರೆದು, "ಕಾಫಿ ಕಡಿಮಿ ಮಾಡ್ರಿ" ಎಂದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರಿಗೂ ಹೇಳಲು ಪುರುಸೊತ್ತಿರಲಿಲ್ಲ. ಹೊರಗೆ ಸಾಲು ಅಷ್ಟುದ್ದ ಇತ್ತು.

ಪುಣೆಯಲ್ಲಿರುವ ಮಗಳಿಗೆ ಸುದ್ದಿ ಮುಟ್ಟಿತು. ನಾಲ್ಕೇ ದಿನದಲ್ಲಿ ಪಾರ್ಸೆಲ್ ಬಂತು. "ಅವ್ವಾ, ಇದು ಡಿಕ್ಯಾಫ್. ಇದರಾಗ ಕೆಫೀನ್ ಇಲ್ಲ. ಎಷ್ಟು ಬೇಕಾದ್ರೂ ಕುಡಿ" ಅಂದಳು. ಕುಡಿದೆ. ವಾಸನೆ ಕಾಫಿಯದೇ, ರುಚಿ ಮಾತ್ರ ಸ್ವಲ್ಪ ಸಪ್ಪೆ. ಒಂದೆರಡು ವಾರದಲ್ಲಿ ನಿದ್ದೆ ಏನೋ ಸುಧಾರಿಸಿತು.

ಕೆಫೀನ್ ತೆಗೆಯುವುದು ಹೇಗೆ ಅಂತ ನನಗೂ ಕುತೂಹಲ. ಓದಿ ತಿಳಿದದ್ದು ಇಷ್ಟು. ಕಾಫಿ ಬೀಜ ಹುರಿಯುವ ಮೊದಲೇ, ಹಸಿರಾಗಿ ಇರುವಾಗಲೇ ಈ ಕೆಲಸ ಮಾಡುತ್ತಾರೆ. ಇದನ್ನು ವ್ಯಾಪಾರದ ಮಟ್ಟಕ್ಕೆ ತಂದವರು ಜರ್ಮನಿಯ ಬ್ರೆಮೆನ್ ನಗರದ ಲುಡ್ವಿಗ್ ರೋಸೆಲಿಯಸ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬೀಜವನ್ನು ಹಬೆಯಲ್ಲಿ ಉಬ್ಬಿಸಿ ಬೆಂಜೀನಿನಲ್ಲಿ ಕೆಫೀನ್ ಕರಗಿಸಿ ತೆಗೆಯುತ್ತಿದ್ದರು. ಬೆಂಜೀನ್ ವಿಷವೆಂದು ಗೊತ್ತಾದ ಮೇಲೆ ಅದನ್ನು ಬಿಟ್ಟರು. ಈಗ ಬೇರೆ ದ್ರಾವಕಗಳು, ಬರೀ ನೀರಿನ ವಿಧಾನ, ಒತ್ತಡದಲ್ಲಿಟ್ಟ ಇಂಗಾಲದ ಡೈ ಆಕ್ಸೈಡ್ ವಿಧಾನ ಎಲ್ಲ ಇವೆ. ಆದರೂ ಕೆಫೀನ್ ಪೂರ್ತಿ ಹೋಗುವುದಿಲ್ಲ. ನೂರಕ್ಕೆ 97 ಪಾಲು ಹೋದರೂ ಲೋಟದಲ್ಲಿ ಕೆಲವು ಮಿಲಿಗ್ರಾಂ ಉಳಿದೇ ಇರುತ್ತದೆ. ನನ್ನ ಮಗಳ "ಎಷ್ಟು ಬೇಕಾದ್ರೂ" ಅನ್ನುವ ಮಾತಿಗೆ ಅಲ್ಲೇ ಒಂದು ಗೆರೆ ಬಿತ್ತು.

ಇಷ್ಟರಲ್ಲಿ ನಮ್ಮ ನೆಗೆಣ್ಣಿ ಒಂದು ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿ ಬಂದಳು. ಮೈ ಹಗುರಾಗಿದೆ, ಮುಖದಲ್ಲಿ ಕಳೆ. "ಯಕ್ಕಾ, ಬೆಂಕಿ ಕಂಡದ್ದು ಯಾವುದೂ ಬ್ಯಾಡ. ಹಸಿ ಕಾಯಿಪಲ್ಲೆ, ಹಣ್ಣು, ಮೊಳಕಿ ಕಾಳು. ರಕ್ತ ತಾನೇ ಏರ್ತದ" ಎಂದಳು. ನನಗೂ ಹುಮ್ಮಸ್ಸು ಬಂತು, ಮುಂದಿನ ಶಿಬಿರಕ್ಕೆ ನಾನೂ ಹೋದೆ. ಅಲ್ಲಿ ಮೊದಲ ದಿನ ನಾನು ಕೇಳಿದ ಪ್ರಶ್ನೆ, "ಡಿಕ್ಯಾಫ್ ಕಾಫಿ ನಡೀತದೇನ್ರಿ?" ಎಲ್ಲರೂ ನಕ್ಕರು.

ನಗುವಂಥದ್ದೇ. ಹಸಿ ಊಟದವರು ಸುಮಾರು 40ರಿಂದ 48 ಡಿಗ್ರಿಯ ಮೇಲೆ ಬಿಸಿಯಾದದ್ದನ್ನು ಹಸಿ ಅನ್ನುವುದಿಲ್ಲ. ಕಾಫಿ ಬೀಜ ಹುರಿಯುವುದು 200 ಡಿಗ್ರಿ ದಾಟಿದ ಮೇಲೆ. ಕೆಫೀನ್ ಇರಲಿ ಬಿಡಲಿ, ಕಾಫಿ ಎಂದೂ ಹಸಿ ಆಗಲಾರದು. ತಣ್ಣೀರಿನಲ್ಲಿ ನೆನೆಸಿದರೂ ಬೀಜ ಹುರಿದದ್ದೇ. ಬದಲಿ ಅಂತ ಹೇಳುವ ಚಿಕೋರಿ, ಗೋಧಿ ಕಾಫಿ, ಖರ್ಜೂರ ಬೀಜದ ಪುಡಿ, ಇವುಗಳಲ್ಲಿ ಕೆಫೀನ್ ಇಲ್ಲ ನಿಜ, ಆದರೆ ಎಲ್ಲವೂ ಹುರಿದವೇ. ಹುರಿಯದ ಹಸಿರು ಕಾಫಿ ಬೀಜ ನೆನೆಸಿ ಕುಡಿದರೆ ಕೆಫೀನ್ ಮತ್ತೆ ಹಾಜರ್. ಈ ಲೆಕ್ಕದಲ್ಲಿ ನಮ್ಮೂರ ಏಪ್ರಿಲ್ ಬಿಸಿಲಿಗೆ ಅಂಗಳದಲ್ಲಿಟ್ಟ ಕೊಡದ ನೀರೂ ಹಸಿ ಅಲ್ಲ ಅನ್ನಬೇಕಾದೀತು!

ಕಾಫಿ ಬಿಟ್ಟ ಎರಡನೇ ದಿನ ತಲೆನೋವು ಶುರುವಾಯಿತು. ಡಿಕ್ಯಾಫಿಗೆ ಬದಲಾದ ಮೇಲೂ ಬೆಳಗಿನ ಒಂದು ಲೋಟ ಹಳೆಯ ಕಾಫಿಯನ್ನು ನಾನು ಕದ್ದು ಕುಡಿಯುತ್ತಿದ್ದೆ, ಅದೂ ನಿಂತಿತ್ತು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುವುದು ಸಹಜ, ಕೆಲವರಿಗೆ ವಾರದವರೆಗೂ ಇರುತ್ತದೆ. ದಿನಕ್ಕೆ ಅರ್ಧ ಲೋಟದಂತೆ ಇಳಿಸುತ್ತ ಬಂದರೆ ಇಷ್ಟು ಕಾಡುವುದಿಲ್ಲ. ನಾನು ಅದನ್ನು ತಿಳಿದದ್ದು ಆಮೇಲೆ.

ತಲೆನೋವಿಗಿಂತ ದೊಡ್ಡ ತಪ್ಪು ಇನ್ನೊಂದು. "ಗುಳಿಗೆ ಎಲ್ಲ ರಾಸಾಯನಿಕ, ಅವನ್ನೂ ಬಿಡ್ರಿ" ಎಂದು ಅಲ್ಲಿ ಯಾರೋ ಹೇಳಿದರು. ನಾನು ಕಬ್ಬಿಣದ ಗುಳಿಗೆ ಬಿಟ್ಟೆ. ಊರಿಗೆ ಬಂದ ಮೇಲೂ ಹಸಿ ಊಟವನ್ನೇ ಮುಂದುವರಿಸಿದೆ. ಐದನೇ ವಾರದ ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದವಳು ಅಲ್ಲೇ ಕುಸಿದೆ. ಕಣ್ಣು ಬಿಟ್ಟಾಗ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಎಂಬತ್ತರ ಮುದುಕಿಯ ಕೈ ನಡುಗುತ್ತಿತ್ತು. ಹಿಮೋಗ್ಲೋಬಿನ್ 7.9ಕ್ಕೆ ಇಳಿದಿತ್ತು.

ಈ ಸಲ ಡಾಕ್ಟರಮ್ಮ ಕೂಡಿಸಿಕೊಂಡು ತಿಳಿಸಿ ಹೇಳಿದರು. ಕಾಫಿ, ಚಹಾಗಳಲ್ಲಿರುವ ಒಗರು ಅಂಶ, ಅಂದರೆ ಪಾಲಿಫಿನಾಲ್, ಊಟದಲ್ಲಿನ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಅದು ಕೆಫೀನಿನ ಕೆಲಸ ಅಲ್ಲ. ಹಾಗಾಗಿ ಡಿಕ್ಯಾಫ್ ಕುಡಿದರೂ ಆ ಅಡ್ಡಿ ಇದ್ದೇ ಇರುತ್ತದೆ. ನಿದ್ದೆಗೆ ಡಿಕ್ಯಾಫ್ ಒಳ್ಳೆಯದು, ರಕ್ತಕ್ಕೆ ಅದರಿಂದ ಉಪಯೋಗವಿಲ್ಲ. ನಾನು ಎರಡು ರೋಗಕ್ಕೆ ಒಂದೇ ಔಷಧ ಅಂದುಕೊಂಡಿದ್ದೆ. ಊಟಕ್ಕೂ ಕಾಫಿಗೂ ಒಂದು ತಾಸಾದರೂ ಅಂತರ ಇರಲಿ ಎಂದರು. ಇನ್ನು ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ವಿಟಮಿನ್ ಸಿ ಬೇಕು.

ಮನೆಗೆ ಬಂದು ಹೇಳಿದೆ. ಅತ್ತೆ ಗೋಡೆಗೆ ಒರಗಿ ಕುಳಿತಲ್ಲಿಂದಲೇ, "ಇದನ್ನ ಕಲಿಯಾಕ ಶಿಬಿರಕ್ಕ ಹೋಗಬೇಕಾಗಿತ್ತೇನವ್ವಾ? ರೊಟ್ಟಿ ಜೋಡಿ ಹಸಿ ಮೆಂತೆಪಲ್ಲೆ, ಉಳ್ಳಾಗಡ್ಡಿ, ಸವತಿಕಾಯಿ, ಮ್ಯಾಲೊಂದು ಲಿಂಬಿ ಹೋಳು. ಹುಟ್ಟಿದಾಗಿಂದ ತಿಂತೀವಿ. ಅರ್ಧ ಊಟ ಹಸೀನ ಅದ" ಎಂದರು. ಲಿಂಬೆಗೆ ನಮ್ಮಲ್ಲಿ ಬರ ಉಂಟೇ? ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ನಾನು ಅದನ್ನು ಬಿಟ್ಟು ಊಟದ ಮೇಲೆ ಕಾಫಿ ಸುರಿಯುತ್ತಿದ್ದೆ.

ಈಗ ನನ್ನ ದಿನಚರಿ ಹೀಗಿದೆ. ಬೆಳಿಗ್ಗೆ ಎದ್ದ ಕೂಡಲೇ ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜ, ಜೀರಿಗೆಯ ನೀರು. ಇದು ಪೂರ್ತಿ ಹಸಿ ಪೇಯ, ತಣ್ಣೀರಿನಲ್ಲೇ ಪರಿಮಳ ಬಿಡುತ್ತದೆ. ತಾಸು ಬಿಟ್ಟು ಅರ್ಧ ಲೋಟ ನಿಜವಾದ ಕಾಫಿ, ನಾಷ್ಟಾ ಅದಾದ ಮೇಲೆ ಇನ್ನೊಂದು ತಾಸಿಗೆ. ಮಧ್ಯಾಹ್ನ ಊಟದ ಜೊತೆ ಹಸಿ ಪಲ್ಯ, ಮೊಳಕೆ ಹೆಸರು, ಲಿಂಬೆ. ಸಂಜೆ ನಾಲ್ಕಕ್ಕೆ ಬಾಯಿ ಕಾಫಿ ಬೇಡಿದರೆ ಡಿಕ್ಯಾಫ್. ಗುಳಿಗೆ ಮಾತ್ರ ತಪ್ಪಿಸುವುದಿಲ್ಲ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10.9. ಅದನ್ನು ಏರಿಸಿದ್ದು ಮುಖ್ಯವಾಗಿ ಗುಳಿಗೆ, ಅದರ ಹೆಸರನ್ನು ಹಸಿ ಊಟಕ್ಕೆ ಕೊಡಲಾರೆ.

ಹಸಿ ಊಟ ಮಾಡುವವರಿಗೆ ಎರಡು ಮಾತು. ಸೊಪ್ಪು, ಕಾಯಿಪಲ್ಲೆಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಸೋರೆಕಾಯಿ ಹಸಿ ರಸ ಕುಡಿಯುವ ಮುಂಚೆ ಚೂರು ಕಚ್ಚಿ ನೋಡಿ. ಕಹಿ ಇದ್ದರೆ ಚೆಲ್ಲಿಬಿಡಿ, ಅದು ಜೀವಕ್ಕೇ ಅಪಾಯ.

ಇನ್ನು ಮಂದಿ ಮನೆಯ ಚಹಾ? ಅದಕ್ಕೂ ಒಂದು ದಾರಿ ಸಿಕ್ಕಿದೆ. "ಚಾ ಇಡ್ತೀನಿ" ಅಂದ ಕೂಡಲೇ, "ಚಾ ಬ್ಯಾಡವ್ವಾ, ಒಂದು ಲಿಂಬಿ ಹಿಂಡಿ ನೀರು ಕೊಡು" ಅನ್ನುತ್ತೇನೆ. ಮೊದಮೊದಲು ವಿಚಿತ್ರವಾಗಿ ನೋಡುತ್ತಿದ್ದರು. ಮೊನ್ನೆ ಓಣಿಯ ಮನೆಯೊಂದರಲ್ಲಿ ನಾನು ಕೇಳುವ ಮೊದಲೇ ಲಿಂಬೆ ಪಾನಕ ಬಂತು. ಜೊತೆಗೆ ಆ ಮನೆಯ ಬಸುರಿ ಸೊಸೆಗೂ ಒಂದು ಲೋಟ ಹೋಯಿತು. ಅವಳ ರಕ್ತವೂ ಕಡಿಮೆಯಂತೆ. "ಗುಳಿಗಿ ತಗೋತಿಯಿಲ್ಲೋ?" ಅಂತ ಕೇಳಿದೆ. ತಲೆ ತಗ್ಗಿಸಿದಳು. ಕಾಫಿ, ಹಸಿ ಊಟ ಎಲ್ಲ ಬದಿಗಿಟ್ಟು ನನ್ನ ಕೊಡದ ಕತೆಯನ್ನು ಅವಳಿಗೆ ಪೂರ್ತಿ ಹೇಳಿಯೇ ಮೇಲೆದ್ದೆ.