ಭವನಕ್ಕೆ ಮುಂಚೆ ನಕ್ಷೆ

ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಎರಡು ಮೂರು ವರ್ಷದೊಳಗೆ ಐದಾರು ಕಟ್ಟಡಗಳನ್ನು ಮುಗಿಸಿಬಿಡುತ್ತಾರೆ. ಒಂದಕ್ಕೂ ಇಟ್ಟಿಗೆ ಬೇಕಾಗುವುದಿಲ್ಲ. ಮನೆ, ಪುಸ್ತಕಾಲಯ, ಶಾಲೆ, ಚಿಕಿತ್ಸಾಲಯ, ಅಪಾರ್ಟ್‌ಮೆಂಟು ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೂ ರಟ್ಟಿನ ಮಾಡೆಲ್ಲುಗಳಲ್ಲೂ ಎದ್ದು ನಿಂತು, ಸೆಮಿಸ್ಟರ್ ಮುಗಿದೊಡನೆ ಕಪಾಟಿನ ಮೇಲೆ ಧೂಳು ಹಿಡಿಯುತ್ತವೆ. ನಮ್ಮ ಕೂಟದ ಸದಸ್ಯರೊಬ್ಬರ ಮಗಳು ಇಂಥ ಐದು ಯೋಜನೆಗಳ ಹಲಗೆಗಳನ್ನು ಕಳೆದ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಸಾಲಾಗಿ ನಿಲ್ಲಿಸಿದ್ದಳು. ವಾಚಕರಲ್ಲಿ ಕೆಲವರು ನೋಡಿರಬೇಕು. ನೋಡದೆ ನೇರವಾಗಿ ಬಿಸಿಬೇಳೆಭಾತಿನ ಸಾಲಿಗೆ ಹೋದವರೇ ಹೆಚ್ಚೆಂದು ನನ್ನ ಅನುಮಾನ.

ನೋಡಿದವರು ಹೇಳಿದ್ದೂ ಎರಡೇ ಮಾತು. "ಡ್ರಾಯಿಂಗ್ ಚೆನ್ನಾಗಿದೆ, ಇದರಲ್ಲಿ ಕೆಲಸ ಸಿಗುತ್ತೇನಮ್ಮ?" ಎಂಬುದು ಒಂದು. "ನಮ್ಮ ಭವನಕ್ಕೂ ಒಂದು ಗೋಪುರ ಗೀಪುರ ಇರುವ ಎಲಿವೇಷನ್ ಬರೆದುಕೊಡು ಪುಟ್ಟಿ, ನಿನ್ನ ಹೆಸರು ಹಾಕಿಸೋಣ" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳಬೇಕಾದವರು ಅವಳ ತಂದೆತಾಯಿ. ಎರಡನೆಯದರ ಬಗ್ಗೆ ಮಾತ್ರ ನಾನು ಬರೆಯಲೇಬೇಕಾಗಿದೆ. ಏಕೆಂದರೆ ಬರುವ ಸಾಮಾನ್ಯ ಸಭೆಯಲ್ಲಿ ಕಟ್ಟಡ ನಿಧಿಯ ವಿಷಯ ಚರ್ಚೆಗೆ ಬರಲಿದೆ, ಮತ್ತು ನನ್ನ ಅಭಿಪ್ರಾಯ ಹೀಗಿದೆ: ಆ ನಿಧಿಯ ಮೊದಲ ಡಾಲರು ಕಾಂಟ್ರಾಕ್ಟರನಿಗೆ ಹೋಗಬಾರದು. ನಮಗೆ ಬೇಕಾದ ಕಟ್ಟಡ ಯಾವುದೆಂದು ಕೂತು ಕೇಳಿ ಬರೆದಿಡುವ ಕೆಲಸಕ್ಕೆ ಹೋಗಬೇಕು. ಆ ಕೆಲಸವನ್ನು ಈ ವಿದ್ಯಾರ್ಥಿನಿಗೆ ಸಂಬಳ ಕೊಟ್ಟು ಒಪ್ಪಿಸಬೇಕು.

ಅವಳ ಹಲಗೆಗಳನ್ನು ನಾನು ಸಾವಕಾಶವಾಗಿ ನೋಡಿದವನು. ನಲವತ್ತು ವರ್ಷ ಕಾಂಕ್ರೀಟು, ಉಕ್ಕುಗಳ ಲೆಕ್ಕ ಹಾಕಿ ನಿವೃತ್ತನಾದ ಇಂಜಿನಿಯರನಿಗೆ ಆರ್ಕಿಟೆಕ್ಟರ ಚಿತ್ರಗಳ ಬಗ್ಗೆ ಸ್ವಲ್ಪ ಸಂಶಯವಿರುವುದು ಸಹಜ. ಮನೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಬರೆಯುವ ಮನೆ, ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದ್ದು. ಪುಸ್ತಕಾಲಯದಲ್ಲಿ ಲೂಯಿ ಕಾನ್ ಅವರ ನೆರಳು ಢಾಳಾಗಿ ಕಾಣುತ್ತದೆ. ನ್ಯೂ ಹ್ಯಾಂಪ್‌ಷೈರಿನ ಫಿಲಿಪ್ಸ್ ಎಕ್ಸೆಟರ್ ಶಾಲೆಗೆ ಅವರು ಕಟ್ಟಿಕೊಟ್ಟ ಗ್ರಂಥಾಲಯದಲ್ಲಿ ಪುಸ್ತಕದ ಕಪಾಟುಗಳು ಒಳಗಿನ ಮಬ್ಬಿನಲ್ಲಿವೆ, ಓದುವ ಮೇಜುಗಳು ಹೊರಗೋಡೆಗೆ ಅಂಟಿಕೊಂಡಿವೆ, ಆ ಮರದ ಮೇಜುಗಳ ಪಕ್ಕದಲ್ಲೇ ಪುಟ್ಟ ಕಿಟಕಿಗಳಿವೆ. ಪುಸ್ತಕ ಹಿಡಿದು ಬೆಳಕಿನ ಕಡೆ ನಡೆಯುವುದೇ ಆ ಕಟ್ಟಡದ ವಿಚಾರ. ನಮ್ಮ ಹುಡುಗಿ ಅದನ್ನೇ ಚಿಕ್ಕದು ಮಾಡಿಕೊಂಡಿದ್ದಾಳೆ, ಎಲ್ಲಿಂದ ತಂದೆನೆಂದು ಹಲಗೆಯ ಮೂಲೆಯಲ್ಲಿ ಬರೆದೂ ಇದ್ದಾಳೆ. ಸಂಗೀತ ಕಲಿಯುವವರು ಗುರುವಿನ ಸಂಗತಿಯನ್ನೇ ಮೊದಲು ಹಾಡುವುದಿಲ್ಲವೆ? ಶಾಲೆಯ ಯೋಜನೆಯಲ್ಲಿ ಕಿಟಕಿಯ ಕಟ್ಟೆಯನ್ನು ಮಕ್ಕಳು ಕೂತು ಹೊರಗೆ ನೋಡುವಷ್ಟು ತಗ್ಗಿಸಿದ್ದಾಳೆ. ಉಳಿದದ್ದು ಸಾಧಾರಣ.

ನನ್ನನ್ನು ನಿಲ್ಲಿಸಿದ್ದು ನಾಲ್ಕನೆಯ ಹಲಗೆ, ಡಯಾಲಿಸಿಸ್ ಚಿಕಿತ್ಸಾಲಯ. ಮೂತ್ರಪಿಂಡ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿಸಲ ಸುಮಾರು 4 ಗಂಟೆ ಆ ಕುರ್ಚಿಯಲ್ಲಿ ಒರಗಿರಬೇಕು. ನರ್ಸುಗಳಿಗೆ ಎಲ್ಲರ ಮುಖವೂ ಕಾಣಬೇಕಾದ್ದರಿಂದ ಕುರ್ಚಿಗಳನ್ನು ಅವರ ಮೇಜಿನ ಕಡೆ ತಿರುಗಿಸಿ ಸುತ್ತ ಇಡುವುದು ವಾಡಿಕೆ. ರೋಗಿಗೆ ಕಾಣುವುದು ಎದುರಿನ ರೋಗಿ, ಇಲ್ಲವೆ ಟೆಲಿವಿಷನ್. ಇವಳು ಕುರ್ಚಿಗಳನ್ನು ಓರೆಯಾಗಿ ತಿರುಗಿಸಿ, ನಡುವೆ ಎದೆಮಟ್ಟದ ಅಡ್ಡಗೋಡೆಗಳನ್ನಿಟ್ಟು, ನರ್ಸಿಗೆ ಮುಖವೂ ರೋಗಿಗೆ ಒಂದು ಮರವೂ ಕಾಣುವಂತೆ ಮಾಡಿದ್ದಾಳೆ. ನೀರು ಶುದ್ಧಿ ಮಾಡುವ ಯಂತ್ರಗಳ ಕೋಣೆಯನ್ನು ಹಿಂಬದಿಯಲ್ಲಿಟ್ಟು, ಕಟ್ಟಡದೊಳಗೆ ಬರದೆಯೇ ಅದನ್ನು ರಿಪೇರಿ ಮಾಡಲು ಬೇರೆ ಬಾಗಿಲು ಕೊಟ್ಟಿದ್ದಾಳೆ. ರೋಗಿಗಳನ್ನು ಕರೆತಂದವರು ನಾಲ್ಕು ಗಂಟೆ ಕಾಯುವ ಜಾಗದಲ್ಲಿ, ಮೊಣಕಾಲು ನೋವಿನವರು ಕೈಯೂರಿ ಏಳಲೆಂದು ಬೆಂಚುಗಳಿಗೆ ತೋಳುಗಳಿವೆ. ಇಷ್ಟೆಲ್ಲ ಹೇಗೆ ಹೊಳೆಯಿತೆಂದು ಕೇಳಿದೆ. "ಅಜ್ಜನ್ನ ಒಂದು ವರ್ಷ ನಾನೇ ಕರ್ಕೊಂಡು ಹೋಗ್ತಿದ್ದೆ ಅಂಕಲ್" ಎಂದಳು.

ಐದನೆಯದು 60 ಮನೆಗಳ ಅಪಾರ್ಟ್‌ಮೆಂಟು. ಚಿತ್ರಗಳು ಬಲು ಸೊಗಸು: ಸಂಜೆಯ ಆಕಾಶ, ನಾಯಿ ಹಿಡಿದು ಹೊರಟ ಹೆಂಗಸು, ಬಲೂನು ಹಿಡಿದ ಮಗು. ಆದರೆ ಚಳಿಗಾಲದಲ್ಲಿ ತಳ್ಳಿದ ಹಿಮವನ್ನು ಗುಡ್ಡೆ ಹಾಕಲು ಜಾಗವಿಲ್ಲ, ಕಸದ ಲಾರಿ ಒಳಗೆ ಬಂದರೆ ತಿರುಗುವಂತಿಲ್ಲ, ಬಟ್ಟೆ ಒಗೆಯುವ ಯಂತ್ರಗಳು ಯಾವ ಮೂಲೆಯಲ್ಲಿವೆಯೋ ತಿಳಿಯದು. ಚಿಕಿತ್ಸಾಲಯ ಬರೆದ ಕೈಯೇ ಇದನ್ನೂ ಬರೆದಿದೆ. ಅಲ್ಲಿ ಕೂರುವವರು ಯಾರೆಂದು ಅವಳಿಗೆ ಗೊತ್ತಿತ್ತು. ಇಲ್ಲಿ ವಾಸಿಸುವವರು ಯಾರೆಂದು ಅವಳಿಗೆ ಯಾರೂ ಹೇಳಲಿಲ್ಲ.

ಇದು ಅವಳ ದೋಷವೆನ್ನಲಾರೆ. ಈ ಶಿಕ್ಷಣದ ಕ್ರಮವೇ ಹಾಗೆ ಬೆಳೆದುಬಂದಿದೆ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಚೀಟಿ ಕೊಡುತ್ತಿದ್ದರು: ಒಂದು ನ್ಯಾಯಾಲಯ, ಅಥವಾ ಒಂದು ಸ್ನಾನಗೃಹ, ಇಷ್ಟು ಕೋಣೆಗಳು. ಗಡುವಿನ ದಿನ ನಕ್ಷೆಗಳನ್ನು ಒಯ್ಯಲು ಗಾಡಿ ಬರುತ್ತಿತ್ತು. ಗಾಡಿಗೆ ಫ್ರೆಂಚಿನಲ್ಲಿ ಶಾರೆಟ್. ಇಂದಿಗೂ ನಮ್ಮ ಹುಡುಗರು ನಿದ್ದೆಗೆಟ್ಟು ಕೆಲಸ ಮಾಡುವ ಕೊನೆಯ ರಾತ್ರಿಗಳಿಗೆ ಇದೇ ಹೆಸರು. ಅಮೆರಿಕದಲ್ಲಿ ಎಂ.ಐ.ಟಿ. 1868ರಲ್ಲಿ ಮೊದಲ ಆರ್ಕಿಟೆಕ್ಚರ್ ತರಗತಿ ತೆರೆದಾಗ ನೋಡಿಕೊಂಡದ್ದೂ ಈ ಫ್ರೆಂಚ್ ಮಾದರಿಯನ್ನೇ. ಕಟ್ಟಡಗಳನ್ನು ಜಾತಿವಾರು ವಿಂಗಡಿಸಿ ಕಲಿಸುವ ಪದ್ಧತಿಗೆ ತನ್ನ ಅನುಕೂಲವಿದೆ, ಸುಳ್ಳಲ್ಲ. ಶಾಲೆಯ ಓಣಿ ಎಷ್ಟು ಅಗಲವಿರಬೇಕು, ಆಸ್ಪತ್ರೆಯ ಬಾಗಿಲಲ್ಲಿ ಮಂಚ ಹೇಗೆ ತಿರುಗಬೇಕು ಎಂಬುದನ್ನು ಒಂದೊಂದಾಗಿಯೇ ಕಲಿಯಬೇಕು. ನಿಕೊಲಸ್ ಪೆವ್ಸ್‌ನರ್ 1976ರಲ್ಲಿ ಪ್ರಕಟಿಸಿದ ಕಟ್ಟಡ ಪ್ರಕಾರಗಳ ಚರಿತ್ರೆಯಲ್ಲಿ ರಂಗಮಂದಿರ, ಆಸ್ಪತ್ರೆ, ಸೆರೆಮನೆ, ಹೋಟೆಲು, ರೈಲ್ವೆ ನಿಲ್ದಾಣ, ಕಾರ್ಖಾನೆ ಎಂದು ಒಂದೊಂದಕ್ಕೂ ಅಧ್ಯಾಯವಿದೆ. ಆದರೆ ಬೆಳಿಗ್ಗೆ ಅಕ್ಷರಾಭ್ಯಾಸ, ಮಧ್ಯಾಹ್ನ ಮುನ್ನೂರು ಜನರ ಊಟ, ಸಂಜೆ ಯಕ್ಷಗಾನ, ನಡುವೆ ಯಾರದೋ ಸೀಮಂತ ನಡೆಯುವ ಕಟ್ಟಡಕ್ಕೆ ಯಾವ ಅಧ್ಯಾಯ?

ಚೀಟಿಯ ಬದಲು ನಿಜವಾದ ಮನುಷ್ಯರನ್ನು ವಿದ್ಯಾರ್ಥಿಗಳ ಮುಂದೆ ಕೂರಿಸಿದ ಉದಾಹರಣೆಗಳಿವೆ. ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಚಾರ್ಲ್ಸ್ ಮೂರ್ ಮೊದಲ ವರ್ಷದ ವಿದ್ಯಾರ್ಥಿಗಳಿಂದಲೇ ನಕ್ಷೆ ಬರೆಸಿ, ಅವರ ಕೈಯಲ್ಲೇ ಸುತ್ತಿಗೆ ಕೊಟ್ಟು, ಕೆಂಟಕಿಯ ನ್ಯೂ ಜಯಾನ್ ಎಂಬ ಬಡ ಹಳ್ಳಿಯಲ್ಲಿ ಕಟ್ಟಿಸಿದ್ದು ಒಂದು ಸಮುದಾಯ ಭವನ, ನಮಗೆ ಬೇಕಾಗಿರುವಂಥದ್ದೇ. ಆ ಪದ್ಧತಿ ಇಂದಿಗೂ ನಡೆಯುತ್ತಿದೆ. ಅದಕ್ಕೂ ಹಿಂದೆ, 1955ರಲ್ಲಿ, ಎಂ.ಐ.ಟಿ.ಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಕೊರಿಯಾ ತಮ್ಮ ಪ್ರಬಂಧವಾಗಿ ಒಪ್ಪಿಸಿದ್ದು ಕಟ್ಟಡದ ನಕ್ಷೆಯನ್ನಲ್ಲ, 'ಯು ಅಂಡ್ ಯುವರ್ ನೈಬರ್‌ಹುಡ್' ಎಂಬ ಚಲನಚಿತ್ರವನ್ನು: ನೆರೆಹೊರೆಯವರು ಸೇರಿ ತಮ್ಮ ಬಡಾವಣೆಯನ್ನು ತಾವೇ ಸರಿಪಡಿಸಿಕೊಳ್ಳುವ ಬಗೆಯನ್ನು ಕುರಿತದ್ದು.

ನಮ್ಮ ಹುಡುಗಿಯ ಕೊನೆಯ ಯೋಜನೆ ಇನ್ನೂ ಬಾಕಿಯಿದೆ. ನದೀತೀರದಲ್ಲೊಂದು ವಸ್ತುಸಂಗ್ರಹಾಲಯ ಮಾಡೆಂದು ಸಲಹೆ ಬಂದಿದೆಯಂತೆ. ಸಂಗ್ರಹಾಲಯಗಳು ಜ್ಯೂರಿಗೆ ಬಹು ಪ್ರಿಯ. ಅಲ್ಲಿ ಯಾರೂ ಅಡಿಗೆ ಮಾಡುವುದಿಲ್ಲ. ಅವಳಿಗೇ ನಮ್ಮ ಭವನವನ್ನು ಮಾಡುವ ಮನಸ್ಸಿದೆ. ನಮ್ಮ ಕನ್ನಡ ತರಗತಿಯ ತಣ್ಣನೆ ನೆಲದ ಮೇಲೆ ಕೂತು ಅಕ್ಷರ ತಿದ್ದಿದವಳು, ಚರ್ಚಿನ ಬೇಸ್‌ಮೆಂಟಿನಲ್ಲಿ ಒಗ್ಗರಣೆಯ ಹೊಗೆಗೆ ಬೆಂಕಿಯ ಗಂಟೆ ಹೊಡೆದು ಎಲ್ಲರೂ ಹಿಮದಲ್ಲಿ ನಿಂತಿದ್ದ ಯುಗಾದಿಯನ್ನು ಕಂಡವಳು. ನಾವು ಅವಳಿಗೆ ಸರಿಯಾದ ಯಜಮಾನರಾಗುತ್ತೇವೆಯೇ ಎಂಬುದಷ್ಟೇ ಈಗಿನ ಪ್ರಶ್ನೆ.

ಸರಿಯಾದ ಯಜಮಾನರೆಂದರೆ ಗೋಪುರ ಕೇಳುವವರಲ್ಲ. ಬೇಲೂರಿನ ಬಳಪದ ಕಲ್ಲಿನ ಕಂಬವನ್ನು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ಸಿ ತಗಡಿನ ಷೆಡ್ಡಿನ ಮುಂದೆ ನಿಲ್ಲಿಸಿದರೆ ಅದು ಕನ್ನಡ ಕಟ್ಟಡವಾಗುವುದಿಲ್ಲ, ಮದುವೆ ಛತ್ರದ ಸೆಟ್ಟಾಗುತ್ತದೆ. ಬೆಂಗಳೂರಿನ ಐ.ಐ.ಎಂ. ನೋಡಿದವರಿಗೆ ನಾನು ಹೇಳುವುದು ಅರ್ಥವಾಗಬಹುದು. ಬಿ.ವಿ. ದೋಶಿಯವರು 1970ರ ದಶಕದಲ್ಲಿ ನಕ್ಷೆ ಆರಂಭಿಸಿದ ಆ ಆವರಣದಲ್ಲಿ ಗೋಪುರವಿಲ್ಲ, ಬೋದಿಗೆಯಿಲ್ಲ. ಒರಟು ಕಲ್ಲಿನ ಗೋಡೆ, ಅಲ್ಲಲ್ಲಿ ತೆರೆದ ಮಾಡಿನಿಂದ ಬೀಳುವ ಬಿಸಿಲು, ಹಸಿರು, ತರಗತಿಯಿಂದ ತರಗತಿಗೆ ಹೋಗುವಾಗ ನಿಂತು ಮಾತಾಡಲು ಅಗಲವಾದ ಓಣಿ. ಅಲ್ಲಿ ಬೆಂಗಳೂರಿನ ಹವೆಯೇ ಅಲಂಕಾರ. ನಮ್ಮ ಹವೆ ಬೇರೆ. ಇಲ್ಲಿ ಜಗಲಿ ಬೇಕೆಂದರೆ ಅದಕ್ಕೆ ಗಾಜು ಬೇಕು, ಹೀಟರು ಬೇಕು, ಮುನ್ನೂರು ಜೊತೆ ಬೂಟು ಬಿಡುವ ಹಲಗೆ ಬೇಕು, ಕೂತು ಬೂಟು ಬಿಚ್ಚಲು ಕಟ್ಟೆ ಬೇಕು. ಹಾಗೆ ಕಟ್ಟಿದ ಜಗಲಿಯಲ್ಲಿ, ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಂದಿರು ಕೂತು ಮಾತಾಡಿದರೆ ಅದಕ್ಕಿಂತ ಕನ್ನಡದ ಕಟ್ಟಡ ನನಗೆ ಬೇಡ.

ಈಗ ಲೆಕ್ಕಕ್ಕೆ ಬರುತ್ತೇನೆ. ಖಜಾಂಚಿಗಳು ಮುಂದಿನ ಪುಟ ತಿರುಗಿಸದಿರಲಿ. ಇಲ್ಲಿನ ಹೆಚ್ಚಿನ ರಾಜ್ಯಗಳು ತಮ್ಮ ತಿದ್ದುಪಡಿಗಳೊಡನೆ ಅಳವಡಿಸಿಕೊಂಡಿರುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡಿನ ಪ್ರಕಾರ ಮೇಜು ಕುರ್ಚಿ ಹಾಕಿದರೆ ತಲೆಗೆ 15 ಚದರಡಿ, ಬರೀ ಕುರ್ಚಿಯಾದರೆ 7 ಚದರಡಿ. 3,000 ಚದರಡಿಯ ಕೋಣೆ ಊಟಕ್ಕೆ 200 ಜನರದ್ದು, ನಾಟಕಕ್ಕೆ 400ಕ್ಕೂ ಮೇಲಿನದ್ದು. ಬಾಗಿಲುಗಳ ಸಂಖ್ಯೆ, ಶೌಚಾಲಯಗಳ ಸಂಖ್ಯೆ ಎಲ್ಲವೂ ದೊಡ್ಡ ಅಂಕಿಯನ್ನು ಹಿಡಿದು ಲೆಕ್ಕವಾಗುತ್ತವೆ. ಜೊತೆಯ ಕೊಳಾಯಿ ಕೋಡಿನಲ್ಲಿ ಇಂಥ ಸಭಾಂಗಣಕ್ಕೆ 65 ಹೆಂಗಸರಿಗೆ ಒಂದು ಶೌಚ, ಗಂಡಸರಿಗೆ 125ಕ್ಕೊಂದು. ಅಂದರೆ 400 ಜನಕ್ಕೆ ಹೆಂಗಸರ ಕಡೆ ನಾಲ್ಕು. ಮಧ್ಯಂತರದಲ್ಲಿ ರೇಷ್ಮೆ ಸೀರೆಯುಟ್ಟು ಸಾಲಿನಲ್ಲಿ ನಿಂತವರನ್ನು ಕೇಳಿ, ನಾಲ್ಕು ಸಾಕೆನ್ನುವವರು ಒಬ್ಬರೂ ಸಿಗಲಾರರು. ಕಾನೂನು ಕನಿಷ್ಠವನ್ನು ಹೇಳುತ್ತದೆ; ಹೆಚ್ಚು ಎಷ್ಟೆಂದು ಹೇಳಬೇಕಾದವರು ನಾವು.

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಅಡಿಗೆಮನೆಯದು. ಮನೆಯಿಂದ ತಂದ ಊಟವನ್ನು ಬಿಸಿ ಮಾಡಿ ಬಡಿಸುವುದಾದರೆ ಒಂದು ಬಗೆಯ ಅಡಿಗೆಮನೆ. ಅಲ್ಲೇ ಎಣ್ಣೆ ಕಾಯಿಸಿ ಬೋಂಡ ಕರಿದು ಒಗ್ಗರಣೆ ಹಾಕುವುದಾದರೆ, ಜಿಡ್ಡಿನ ಹೊಗೆಯನ್ನು ಎಳೆದು ಹೊರಹಾಕುವ ಉಕ್ಕಿನ ಹುಡ್, ಬೆಂಕಿ ನಂದಿಸುವ ವ್ಯವಸ್ಥೆ, ಹೊರಹಾಕಿದಷ್ಟೂ ಗಾಳಿಯನ್ನು ಒಳತರುವ ಯಂತ್ರ, ಚಳಿಗಾಲದಲ್ಲಿ ಆ ಗಾಳಿಯನ್ನು ಬಿಸಿ ಮಾಡುವ ಖರ್ಚು. ಇದನ್ನು ಈಗ ಯೋಚಿಸದೆ ಷೆಡ್ಡು ಎತ್ತಿ, ಆಮೇಲೆ ಮಾಡು ಕೊರೆದು ಹುಡ್ ಹಾಕಿಸಿದರೆ ನಿಧಿ ಎಲ್ಲಿ ಹೋಯಿತೆಂದು ಕೇಳುವವರು ಈಗ ಗೋಪುರ ಕೇಳುತ್ತಿರುವವರೇ. ಅಂದಹಾಗೆ, ಸಿದ್ಧ ಉಕ್ಕಿನ ಷೆಡ್ಡು ಅಗ್ಗವೆಂದು ಹೇಳುವವರ ಮೇಲೆ ನನಗೆ ಜಗಳವಿಲ್ಲ. ಷೆಡ್ಡೇ ಆಗಲಿ. ಅದರೊಳಗೆ ಏನು ಎಲ್ಲಿ ಎಂಬುದು ಮೊದಲು ತೀರ್ಮಾನವಾಗಲಿ.

ಆಕ್ಷೇಪಣೆಗಳಿರುತ್ತವೆ. ವಿದ್ಯಾರ್ಥಿಯ ನಕ್ಷೆಗೆ ಸರ್ಕಾರ ಅನುಮತಿ ಕೊಡದು ಎನ್ನುವಿರಿ. ನಿಜ. ಪದವಿಯ ಮೇಲೆ 3,740 ಗಂಟೆಗಳ ಅನುಭವವನ್ನು ದಾಖಲೆ ಮಾಡಿ, ಪರೀಕ್ಷೆಗಳ ಸಾಲನ್ನು ದಾಟಿದ ಮೇಲಷ್ಟೆ ಇಲ್ಲಿ ಲೈಸೆನ್ಸು. ಜನ ಸೇರುವ ಕಟ್ಟಡಕ್ಕೆ ಲೈಸೆನ್ಸಿನ ಮುದ್ರೆ ಬೇಕೇ ಬೇಕು. ಮುದ್ರೆ ಹಾಕುವ ಆರ್ಕಿಟೆಕ್ಟನನ್ನು ಆಮೇಲೆ ಗೊತ್ತು ಮಾಡೋಣ. ಅವನ ಗಂಟೆಗೆ ಹಣ ಸುರಿಯುವ ಮುನ್ನ, ನಮಗೇನು ಬೇಕೆಂಬ ಇಪ್ಪತ್ತು ಪುಟದ ವಿವರ ನಮ್ಮ ಕೈಯಲ್ಲಿರಲಿ ಎಂಬುದಷ್ಟೇ ನನ್ನ ವಾದ. ನಮ್ಮ ಮಗಳೇ ತಾನೆ, ಸಂಬಳವೇಕೆ ಎನ್ನುವಿರಿ. ಕೂಟದ ಲೆಕ್ಕ ಬರೆಯುವ ಅಕೌಂಟೆಂಟಿಗೆ, ಧ್ವನಿವರ್ಧಕದವನಿಗೆ ಕೊಡುವವರು ನಾವು. ಬೇಸಿಗೆಯ ಹತ್ತು ವಾರ ಈ ವಿವರ ಬರೆಯುವ ಕೆಲಸಕ್ಕೆ ಸಂಬಳ ಕೊಡೋಣ. ಅದರ ಮೇಲೆ ಅವಳು ಕಟ್ಟುವ ಪ್ರಬಂಧ ಅವಳದು, ಅದಕ್ಕೆ ನಾವು ಕೈಹಾಕುವುದು ಬೇಡ.

ಇಂಡಿಯಾನಾದ ಕೊಲಂಬಸ್ ಊರನ್ನು ನಮ್ಮಲ್ಲಿ ಹಲವರು ಕಮ್ಮಿನ್ಸ್ ಕಂಪನಿಯ ಕೆಲಸದ ಮೇಲೆ ಕಂಡಿದ್ದಾರೆ. ಆ ಕಂಪನಿಯ ಜೆ. ಅರ್ವಿನ್ ಮಿಲ್ಲರ್ 1950ರ ದಶಕದಲ್ಲಿ ಊರಿನ ಶಾಲಾ ಮಂಡಳಿಗೆ ಹೇಳಿದ್ದು ಇಷ್ಟು: ಪಟ್ಟಿಯಲ್ಲಿರುವ ಒಳ್ಳೆಯ ಆರ್ಕಿಟೆಕ್ಟರಲ್ಲಿ ಒಬ್ಬರನ್ನು ನೀವು ಆರಿಸಿ, ಅವರ ಫೀಜನ್ನು ಕಂಪನಿಯ ಪ್ರತಿಷ್ಠಾನ ಕೊಡುತ್ತದೆ, ಕಟ್ಟುವ ಖರ್ಚು ನಿಮ್ಮದು. ಮುಂದೆ ಅಗ್ನಿಶಾಮಕ ಠಾಣೆಯಂಥ ಸಾರ್ವಜನಿಕ ಕಟ್ಟಡಗಳಿಗೂ ಅದು ವಿಸ್ತರಿಸಿತು. ಆ ಚಿಕ್ಕ ಊರನ್ನು ನೋಡಲು ಇಂದು ಜಗತ್ತಿನ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬರುತ್ತಾರೆ. ಮಿಲ್ಲರ್ ಇಟ್ಟಿಗೆಗೆ ದಾನ ಕೊಡದೆ ನಕ್ಷೆಗೆ ದಾನ ಕೊಟ್ಟರು. ನಮ್ಮಲ್ಲಿ ಅಷ್ಟು ಹಣವಿಲ್ಲ, ಬೇಕಾಗಿಯೂ ಇಲ್ಲ.

ಸಭೆಗೆ ಬರುವಾಗ ಕನ್ನಡ ತರಗತಿಯ ಶಿಕ್ಷಕರು ಮಕ್ಕಳ ಸಂಖ್ಯೆಯನ್ನು, ನಾಟಕದವರು ತಮಗೆ ಬೇಕಾದ ರಂಗದ ಆಳ ಅಗಲವನ್ನು ಬರೆದು ತರಲಿ. ಅಡಿಗೆ ಸಮಿತಿಯವರು ತಮ್ಮಲ್ಲಿರುವ ಅತಿ ದೊಡ್ಡ ಕೊಳದಪ್ಪಲೆಯ ಬಾಯಗಲ ಅಳೆದು ತರಬೇಕೆಂದು ವಿನಂತಿ. ಅಡಿಗೆಮನೆಯ ಬಾಗಿಲನ್ನು, ಅದನ್ನು ಹಿಡಿದ ಇಬ್ಬರು ಸಲೀಸಾಗಿ ದಾಟುವಂತೆ ಬರೆಯುತ್ತೇನೆಂದು ಅವಳು ಹೇಳಿದ್ದಾಳೆ.