ಐಟಿ ಅಂದ್ರೆ ಆ ಐಟಿ ಅಲ್ಲ

2013ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ನಮ್ಮ ಬ್ರ್ಯಾಂಚಿನ ಕೋಡ್ 'ಐಟಿ'. ವಿಟಿಯು ಕೊಡುವ ಯುಎಸ್‌ಎನ್ ನಂಬರಿನ ಮಧ್ಯದಲ್ಲಿ ಆ ಎರಡಕ್ಷರ ಕೂತಿರುತ್ತಿತ್ತು. ಊರಲ್ಲಿ ಅಜ್ಜಿಯಿಂದ ಹಿಡಿದು ಡೇರಿ ಸೆಕ್ರೆಟರಿವರೆಗೆ ಎಲ್ಲರೂ 'ಹುಡ್ಗ ಐಟಿ ಓದ್ತಾವ್ನೆ' ಅಂತ ಖುಷಿಪಟ್ಟರು. ಅದು ಇನ್‌ಫರ್ಮೇಷನ್ ಅಲ್ಲ, ಇನ್‌ಸ್ಟ್ರುಮೆಂಟೇಷನ್ ಟೆಕ್ನಾಲಜಿ ಅಂತ ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ನಿಜ ಹೇಳ್ಬೇಕಂದ್ರೆ, ಸೈಬರ್ ಸೆಂಟರಿನಲ್ಲಿ ಆಪ್ಷನ್ ಎಂಟ್ರಿ ಮಾಡಿದ ದಿನ ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಾಲ್ಕು ವರ್ಷ ಅದನ್ನೇ ಓದಿ ಕೊನೆಗೆ ಸಾಫ್ಟ್‌ವೇರ್ ಕಂಪನಿ ಸೇರಿದೆ. ಊರವರ ಮಾತು ಸುಳ್ಳಾಗಲಿಲ್ಲ ಬಿಡಿ.

ಈ ಸಲ ಚಿಕ್ಕಪ್ಪನ ಮಗಳ ಸರದಿ. ಅವಳ ಸಿಇಟಿ ರ್‍ಯಾಂಕಿಗೆ ಒಳ್ಳೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲ್ಲ, ನನ್ನ ಬ್ರ್ಯಾಂಚ್ ಸಿಗುತ್ತೆ. ಈಗ ಅದರ ಹೆಸರು ಎಲೆಕ್ಟ್ರಾನಿಕ್ಸ್ ಅಂಡ್ ಇನ್‌ಸ್ಟ್ರುಮೆಂಟೇಷನ್. ಚಿಕ್ಕಪ್ಪ ಮಂಡ್ಯ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ಐಟಿಐ ಮಾಡಿ ಸೇರಿದವರು, ಬಾಯ್ಲರ್ ಹೌಸಿನಲ್ಲೇ ತಲೆ ನರೆತಿದೆ. "ಬ್ರ್ಯಾಂಚು ಇದೇ ಇರ್ಲಿ ಕಣಪ್ಪ, ಕಾಲೇಜು ಯಾವ್ದು ಅಂತ ನೀನು ಹೇಳು, ಓದಿರೋನು" ಅಂದರು. ಆ 'ಓದಿರೋನು' ಅನ್ನೋ ಮಾತಿಗೆ ನನಗೆ ಒಳಗೇ ಬೆವರು ಬಂತು.

ಲ್ಯಾಪ್‌ಟಾಪ್ ತೆಗೆದು ಕೂತೆ. ಈ ಬ್ರ್ಯಾಂಚ್ ಎಲ್ಲಾ ಕಡೆ ಇಲ್ಲ, ಹುಡುಕಬೇಕು. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ಎಂ.ಎಸ್. ರಾಮಯ್ಯ, ಮೈಸೂರಿನ ಎಸ್.ಜೆ.ಸಿ.ಇ. ಥರದ ಹೆಸರುಗಳು ಎಲ್ಲರಿಗೂ ಗೊತ್ತು. ಅದರಾಚೆ ಹೋದರೆ ಕೆಲವು ಕಡೆ ಈ ಬ್ರ್ಯಾಂಚನ್ನೇ ಮುಚ್ಚಿ ಆ ಜಾಗಕ್ಕೆ ಎಐ, ಡೇಟಾ ಸೈನ್ಸ್ ತಂದಿದ್ದಾರೆ. ಸೇರಿದ ಮೇಲೆ ಡಿಪಾರ್ಟ್‌ಮೆಂಟ್ ಸೊರಗಿದರೆ ಮೇಷ್ಟ್ರೂ ಬೇರೆ ಕಡೆ ಹೋಗ್ತಾರೆ, ಲ್ಯಾಬಿಗೆ ದುಡ್ಡೂ ಬರಲ್ಲ. ಹಾಗಾಗಿ ಈ ವರ್ಷ ಎಷ್ಟು ಸೀಟಿದೆ, ಕಳೆದ ಮೂರು ವರ್ಷದಲ್ಲಿ ಎಷ್ಟು ತುಂಬಿದೆ ಅನ್ನೋದನ್ನ ಮೊದಲು ಕೇಳಿ. ಇನ್ನೊಂದು ವಿಷಯ. ಗೇಟಿನ ಮೇಲೆ ದೊಡ್ಡದಾಗಿ ಬರೆದಿರೋ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗೋದು. ಎನ್‌ಬಿಎ ಮಾನ್ಯತೆ ಕೊಡೋದು ಒಂದೊಂದು ಕೋರ್ಸಿಗೆ ಬೇರೆ ಬೇರೆ. ನಿಮ್ಮ ಕೋರ್ಸಿಗೆ ಅದು ಇದೆಯಾ ಅಂತ ನೋಡಬೇಕು.

ಇಷ್ಟೆಲ್ಲಾ ಎಕ್ಸೆಲ್ ಶೀಟಿನಲ್ಲಿ ಹಾಕಿ, ಬಣ್ಣ ಬಳಿದು ಚಿಕ್ಕಪ್ಪನಿಗೆ ಕಳಿಸಿದೆ. ಅವರು ನೋಡಿದರೋ ಇಲ್ಲವೋ, ಮರುದಿನ ಮಗಳನ್ನು ಕರಕೊಂಡು ಬೆಂಗಳೂರಿಗೇ ಬಂದರು. "ಲ್ಯಾಬು ನೋಡ್ದೆ ಸೇರಿಸೋದು ಹೆಂಗೆ?"

ಮೊದಲು ಹೋಗಿದ್ದು ಬೆಂಗಳೂರಿನ ಒಂದು ದೊಡ್ಡ ಹೆಸರಿನ ಕಾಲೇಜಿಗೆ. ಎಸಿ ರೂಮು, ಕಾಫಿ, ಪ್ಲೇಸ್‌ಮೆಂಟಿನ ಪುಸ್ತಕ. ಚಿಕ್ಕಪ್ಪ ನಿಧಾನಕ್ಕೆ ಕೇಳಿದರು: "ಇದ್ರಲ್ಲಿ ಇನ್‌ಸ್ಟ್ರುಮೆಂಟೇಷನ್ ಓದಿ ಇನ್‌ಸ್ಟ್ರುಮೆಂಟೇಷನ್ ಕೆಲ್ಸಕ್ಕೇ ಹೋದೋರು ಎಷ್ಟು ಜನ ಸಾರ್?" ಉತ್ತರ ಕೊಡುವವರು ಪುಟ ತಿರುವಿದರು, ಮತ್ತೆ ತಿರುವಿದರು. ಲ್ಯಾಬು ಚೆನ್ನಾಗಿತ್ತು, ಫಳಫಳ. ಪ್ರೆಷರ್ ಟ್ರಾನ್ಸ್‌ಮಿಟರಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಮಾತ್ರ ಇನ್ನೂ ತೆಗೆದಿರಲಿಲ್ಲ. ನಾನು ಓದಿದ ಕಾಲೇಜಲ್ಲಿ ಕವರೂ ಇರಲಿಲ್ಲ, ಗಾಜಿನ ಬೀರು ಇತ್ತು, ಬೀಗದ ಕೈ ಎಚ್‌ಓಡಿ ಹತ್ತಿರ.

ಎರಡನೇದು ಮೈಸೂರಿನ ಹಳೇ ಕಾಲೇಜು. ಲ್ಯಾಬಿನ ಮೇಜಿನ ಮೇಲೆ ಎಣ್ಣೆ ಕಲೆ. ಮೂರನೇ ವರ್ಷದ ಒಬ್ಬ ಹುಡುಗ ಏನೋ ಕ್ಯಾಲಿಬ್ರೇಟ್ ಮಾಡ್ತಿದ್ದ. ಚಿಕ್ಕಪ್ಪ ಅವನ ಪಕ್ಕ ನಿಂತು, "4ರಿಂದ 20 ಮಿಲಿಆಂಪ್ ಅಂತೀವಲ್ಲ, ಸೊನ್ನೆಯಿಂದ ಯಾಕೆ ಶುರು ಮಾಡಲ್ಲ ಮರಿ?" ಅಂದರು.

ಹುಡುಗ ಮಾತೇ ಆಡಲಿಲ್ಲ. ಒಂದು ವೈರ್ ಕಿತ್ತ. ಮೀಟರ್ ಮುಳ್ಳು 4ನ್ನು ದಾಟಿ ಸೊನ್ನೆಗೆ ಬಿತ್ತು.

ಓದುಗರಿಗೆ ಬಿಡಿಸಿ ಹೇಳ್ತೀನಿ. ಟ್ಯಾಂಕ್ ಖಾಲಿಯಿದ್ದರೆ ಟ್ರಾನ್ಸ್‌ಮಿಟರ್ ಕಳಿಸೋದು 4 ಮಿಲಿಆಂಪ್, ಭರ್ತಿಯಿದ್ದರೆ 20. ಸೊನ್ನೆಯಿಂದ ಶುರು ಮಾಡಿದ್ದರೆ ಟ್ಯಾಂಕ್ ಖಾಲಿಯಾದಾಗಲೂ ಸೊನ್ನೆ, ವೈರ್ ತುಂಡಾದಾಗಲೂ ಸೊನ್ನೆ. 4ರಿಂದ ಶುರುವಾಗೋದರಿಂದ, ಸೊನ್ನೆ ಕಂಡರೆ ಲೈನೇ ಸತ್ತಿದೆ ಅಂತ ಗೊತ್ತಾಗುತ್ತೆ. ಬಾಯ್ಲರ್ ಡ್ರಮ್ಮಿನಲ್ಲಿ ನೀರು ಕಮ್ಮಿಯಾಗಿದೆಯೋ, ಇಲಿ ವೈರ್ ಕಡಿದಿದೆಯೋ ತಿಳಿಯದೆ ಹೋದರೆ ಅಲ್ಲಿ ನಿಂತವರ ಪ್ರಾಣಕ್ಕೇ ಕುತ್ತು. ಇದಕ್ಕೆ 'ಲೈವ್ ಝೀರೋ' ಅಂತ ಹೆಸರು. ನಾನಿದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಬಂದಿದ್ದೆ. ಮುಳ್ಳು ಬೀಳೋದನ್ನ ಕಣ್ಣಾರೆ ಕಂಡಿದ್ದು ಅವತ್ತೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಕೇಳಿದರು, "ನೀನ್ಯಾಕೆ ಈ ಕೆಲ್ಸಕ್ಕೆ ಹೋಗ್ಲಿಲ್ಲ?"

ಕ್ಯಾಂಪಸ್ಸಿಗೆ ಮೊದಲು ಬಂದ ಕಂಪನಿ ಸಾಫ್ಟ್‌ವೇರಿನದು, ಎಜುಕೇಷನ್ ಲೋನ್ ಬೇರೆ ಇತ್ತು ಅಂತ ಶುರು ಮಾಡಿದೆ. "ಸಂಬಳ ಕಮ್ಮಿ ಅಂತ ತಾನೆ?" ಅಂದರು. ಹೌದು ಅಂದೆ. ನನಗೆ ಆಗ ಬಂದಿದ್ದ ಒಂದೇ ಒಂದು ಕೋರ್ ಕೆಲಸದಲ್ಲಿ ಶಿಫ್ಟ್ ಡ್ಯೂಟಿ, ಸಂಬಳ ಮುಕ್ಕಾಲು ಪಾಲು. ಅವಳ ಮುಂದೆಯೇ ಇದನ್ನ ಹೇಳಿದ್ದು ಒಳ್ಳೇದೇ ಆಯ್ತು. ಹಾಗಂತ ದಾರಿ ಇಲ್ಲ ಅಂತಲ್ಲ. ಗೇಟ್ ಪರೀಕ್ಷೆಯಲ್ಲಿ ಇನ್‌ಸ್ಟ್ರುಮೆಂಟೇಷನ್ನಿಗೇ ಪ್ರತ್ಯೇಕ ಪೇಪರ್ ಇದೆ. ಮಂಗಳೂರಿನ ಎಂಆರ್‌ಪಿಎಲ್, ರಾಯಚೂರಿನ ಥರ್ಮಲ್, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇವ್ಯಾವುವೂ ಈ ಓದಿದವರಿಲ್ಲದೆ ಒಂದು ದಿನ ನಡೆಯಲ್ಲ. ಸಾಫ್ಟ್‌ವೇರೇ ಬೇಕು ಅಂದರೂ ಪಿಎಲ್‌ಸಿ, ಸ್ಕಾಡಾ ಗೊತ್ತಿದ್ದು ಕೋಡ್ ಬರೆಯುವವರು ಬೇರೆಯೇ. ಆದರೆ ಇದೆಲ್ಲಾ ಕೈಯಾರೆ ವೈರ್ ಕಿತ್ತು ಜೋಡಿಸಿದವರಿಗೆ. ಬೀರು ನೋಡಿ ಬಂದವರಿಗೆ ನನ್ನ ಗತಿ.

ಆಪ್ಷನ್ ಎಂಟ್ರಿಯ ಕೊನೇ ರಾತ್ರಿ ಅವಳಿಂದ ಫೋನು. "ಅಣ್ಣ, ಸಿಗಲ್ಲ ಅಂತ ಗೊತ್ತಿರೋದನ್ನ ಮೇಲೆ ಹಾಕಿದ್ರೆ ಕೆಳಗಿಂದೂ ಹೋಗ್ಬಿಡುತ್ತಾ?" ಇಲ್ಲ, ಅದು ಮೇಲಿಂದ ಕೆಳಗೆ ನೋಡ್ಕೊಂಡು ಬರುತ್ತೆ, ಸಿಗದಿದ್ದರೆ ಮುಂದಿನದಕ್ಕೆ ಹೋಗುತ್ತೆ, ಇಷ್ಟದ ಪ್ರಕಾರ ಹಾಕು, ಕಳೆದ ವರ್ಷದ ಕಟಾಫ್ ನೋಡಿ ಹೆದರಬೇಡ ಅಂದೆ. ಮೈಸೂರಿನದು ಮೊದಲು ಹಾಕ್ತಾಳೆ ಅಂದುಕೊಂಡು ಮಲಗಿದೆ.

ಮಾಕ್ ಅಲಾಟ್‌ಮೆಂಟಿನಲ್ಲಿ ಮೈಸೂರೇ ಬಂತು, ಎರಡನೇ ಆಪ್ಷನ್ ಆಗಿ. ಮೊದಲನೇದು ಆ ಬೆಂಗಳೂರಿನ ಕಾಲೇಜಿನ ಕಂಪ್ಯೂಟರ್ ಸೈನ್ಸು.

"ಬರಲ್ಲ ಅಂತ ಗೊತ್ತಣ್ಣ. ಆಮೇಲೆ ಹಾಕ್ಬೇಕಿತ್ತು ಅನ್ನಿಸ್ಬಾರ್ದಲ್ಲ. ಅಪ್ಪಂಗೆ ಹೇಳ್ಬೇಡ."

ಹೇಳಿಲ್ಲ. ಚಿಕ್ಕಪ್ಪ ಈ ಅಂಕಣ ಓದಲ್ಲ ಅನ್ನೋ ಧೈರ್ಯ.