ಕಿಟಕಿ ಕಾಣದಿದ್ದರೆ ಮನೆ ಕೆಡವುವುದೇ?



ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ನಾಟಕ ಕಳೆದುಹೋಗಿತ್ತು. ಕನ್ನಡ ಶಾಲೆಯ ರಾಜ್ಯೋತ್ಸವಕ್ಕೆಂದು ಅಮ್ಮ ಎರಡು ವಾರಾಂತ್ಯ ಕೂತು ಟೈಪ್ ಮಾಡಿದ್ದ ಮಕ್ಕಳ ನಾಟಕ. ಅಮ್ಮ ಬರೆಯುವುದು ಒಂದು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ. ಸೇವ್ ಮಾಡುವ ಅಭ್ಯಾಸ ಅವಳಿಗಿಲ್ಲ. ಮುಚ್ಚಿ ತೆರೆದರೂ ಬರೆದದ್ದು ಹಾಗೇ ಇರುತ್ತದಲ್ಲ ಅನ್ನುತ್ತಾಳೆ.

ಒಂದು ಸೋಮವಾರ ಅಪ್ಪ ಲ್ಯಾಪ್‌ಟಾಪಿನ ಎಡಗಡೆ ಇಟ್ಟಿದ್ದ ದೊಡ್ಡ ಮಾನಿಟರನ್ನು ಆಫೀಸಿಗೆ ವಾಪಸ್ ಕೊಟ್ಟರು. ಸಂಜೆ ಅಮ್ಮ ಎಡಿಟರ್ ತೆರೆದಳು. ಕೆಳಗಿನ ಪಟ್ಟಿಯಲ್ಲಿ ಐಕಾನ್ ಇದೆ, ವಿಂಡೋ ಮಾತ್ರ ಇಲ್ಲ! ಅಪ್ಪ ಪ್ರೋಗ್ರಾಂ ಅಳಿಸಿ ಮತ್ತೆ ಹಾಕಿದರು. ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಹಾಕಿದರು. "ಸೆಟ್ಟಿಂಗ್ಸ್ ಫೋಲ್ಡರನ್ನೇ ಡಿಲೀಟ್ ಮಾಡೋಣ" ಅಂದಾಗ ನಾನು ರೂಮಿನಿಂದ ಓಡಿಬಂದೆ. ಸೇವ್ ಮಾಡದ ಬರಹವನ್ನು ಆ ಎಡಿಟರ್ ಕಾಪಾಡಿ ಇಡುವುದು ಅದೇ ಫೋಲ್ಡರ್‌ನಲ್ಲಿ. ಅಪ್ಪ ಇನ್ನೊಂದು ಕ್ಲಿಕ್ ಮಾಡಿದ್ದರೆ ನಾಟಕ ನಿಜವಾಗಿಯೂ ಹೋಗುತ್ತಿತ್ತು.

ಆದದ್ದು ಇಷ್ಟೇ. ವಿಂಡೋಸ್‌ನಲ್ಲಿ ಮುಖ್ಯ ಪರದೆಯ ಮೇಲಿನ ಎಡಮೂಲೆಯೇ ಸೊನ್ನೆ. ಅದರ ಎಡಕ್ಕೆ ಇನ್ನೊಂದು ಪರದೆ ಇದ್ದರೆ ಅಲ್ಲಿನ ಅಂಕಿಗಳು ಮೈನಸ್. ಎಡಿಟರ್ ಮುಚ್ಚುವಾಗ ತಾನು ಎಲ್ಲಿದ್ದೆ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಬರೆದಿಟ್ಟುಕೊಳ್ಳುತ್ತದೆ. ಮೈನಸ್ 1500 ಎಂದು ಬರೆದಿಟ್ಟಿದ್ದರೆ, ಮಾನಿಟರ್ ಹೋದ ಮೇಲೂ ಅಲ್ಲೇ ಹೋಗಿ ನಿಲ್ಲುತ್ತದೆ. ಪ್ರೋಗ್ರಾಂ ಅಳಿಸಿದರೂ ಈ ಟಿಪ್ಪಣಿ ಸಾಮಾನ್ಯವಾಗಿ ಉಳಿದಿರುತ್ತದೆ, ಅದಕ್ಕೇ ಅಪ್ಪನ ಶ್ರಮವೆಲ್ಲ ವ್ಯರ್ಥ. ಆ ಜಾಗದಲ್ಲಿ ಈಗ ಪರದೆ ಇದೆಯೇ ಎಂದು ನೋಡಿ ತೆರೆಯುವಂತೆ ಮಾಡುವುದು ಪ್ರೋಗ್ರಾಂ ಬರೆದವರ ಕೆಲಸ. "ನಾನೇ ಏನೋ ಒತ್ತಿಬಿಟ್ಟೆ" ಎಂದು ಅಮ್ಮ ಸಂಜೆಯೆಲ್ಲ ಬೇಸರಪಡಬೇಕಿರಲಿಲ್ಲ.

ಪರಿಹಾರ ಅರ್ಧ ನಿಮಿಷದ್ದು. ಐಕಾನ್ ಮೇಲೆ ಕ್ಲಿಕ್ ಮಾಡಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ನಂತರ ಎಂ ಒತ್ತಬೇಕು. ನಮ್ಮದು ಜರ್ಮನ್ ವಿಂಡೋಸ್ ಆದ್ದರಿಂದ ಎಂ ಕೆಲಸ ಮಾಡಲಿಲ್ಲ. ಇಲ್ಲಿ ಸರಿಸು ಅನ್ನುವುದಕ್ಕೆ 'ಫೆರ್‌ಶೀಬನ್', ಹಾಗಾಗಿ ವಿ ಒತ್ತಬೇಕು. (ಇದು ಹೊಳೆಯಲು ನನಗೇ ಹತ್ತು ನಿಮಿಷ ಬೇಕಾಯಿತು.) ಆಮೇಲೆ ಯಾವುದಾದರೂ ಬಾಣದ ಕೀ ಒಮ್ಮೆ ಒತ್ತಿ ಮೌಸ್ ಅಲುಗಿಸಿದರೆ ವಿಂಡೋ ಮೌಸಿಗೆ ಅಂಟಿಕೊಂಡು ಬರುತ್ತದೆ. ನಮ್ಮದು ಬಂದಾಗ ಲ್ಯಾಪ್‌ಟಾಪ್ ಪರದೆಗಿಂತ ದೊಡ್ಡದಾಗಿತ್ತು, ದೊಡ್ಡ ಮಾನಿಟರಿನ ಅಳತೆ ಅದು. ವಿಂಡೋಸ್ ಕೀ ಜೊತೆ ಮೇಲಿನ ಬಾಣ ಒತ್ತಿದಾಗ ಪರದೆಗೆ ಸರಿಯಾಗಿ ಕೂತಿತು.

ದೊಡ್ಡವರಿಗೆ ನನ್ನದೊಂದು ವಿನಂತಿ: ಅಳಿಸುವುದು ರಿಪೇರಿಯಲ್ಲ. ಏನಾದರೂ ಕೆಟ್ಟರೆ, ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು ಎಂದು ಮೊದಲು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಬದಲಾಗಿದ್ದು ಮಾನಿಟರ್ ಒಂದೇ.

ನನ್ನ ವಯಸ್ಸಿನವರಿಗೂ ಒಂದು ಮಾತು. ಆವತ್ತು ನಾನು ಅಮ್ಮನ ಕೈಯಿಂದ ಲ್ಯಾಪ್‌ಟಾಪ್ ಕಿತ್ತುಕೊಂಡು ಟಪಟಪ ಸರಿಮಾಡಿ ವಾಪಸ್ ಕೊಟ್ಟೆ. ಭಾರಿ ಜಾಣ ಅನ್ನಿಸಿತು. ಅಪ್ಪ ಬೇರೆ ಮಾನಿಟರ್ ತಂದು, ಅದನ್ನೂ ಒಯ್ದ ದಿನ ಅಮ್ಮ ಮತ್ತೆ ನನ್ನನ್ನೇ ಕರೆದಳು. ಆಗ ಪಕ್ಕದಲ್ಲಿ ಕೈಕಟ್ಟಿ ಕೂತೆ. ಅಮ್ಮನೇ ಒತ್ತಿದಳು. ನಾಲ್ಕು ಸಲ ತಪ್ಪಿತು, ಐದನೆಯ ಸಲ ನಾಟಕ ಬಂತು. "ಆಲ್ಟ್, ಸ್ಪೇಸ್, ವಿ, ಬಾಣ" ಎಂದು ಕನ್ನಡದಲ್ಲಿ ಚೀಟಿ ಬರೆದು ಕೀಬೋರ್ಡಿನ ಪಕ್ಕ ಅಂಟಿಸಿದ್ದಾಳೆ. ಮೊನ್ನೆ ಅಪ್ಪ ಸದ್ದಿಲ್ಲದೆ ಅದರ ಫೋಟೋ ತೆಗೆದುಕೊಂಡರು.